ಮೂರು ಸಲ ತೊಳೆದ ಸೊಪ್ಪು

ಬಸಕ್ಕ ಮೆಂತ್ಯದ ಕಟ್ಟನ್ನು ಕಾಲುವೆಯ ನೀರಿಗೆ ಅದ್ದುವಷ್ಟರಲ್ಲಿ, ಕಾಲರಾ ಸೂಜಿ ಹಾಕಲು ಶಿಕಾರಿಪುರದಿಂದ ಬಂದಿದ್ದ ಇನ್‌ಸ್ಪೆಕ್ಟರು ದಡದಿಂದ ಕೂಗಿದ: "ಅಮ್ಮಾ, ಅದನ್ನ ಹಸೀದು ತಿನ್‌ಬ್ಯಾಡ್ರೀ!"

"ತಿನ್ನಾಕಲ್ರೀ, ಎಡೆಗೆ. ಮಗಳು ಹೂವಿ ಹೋಗಿ ಇವತ್ತಿಗೆ ಹನ್ನೊಂದು ದಿನ. ಹಸಿ ಮೆಂತ್ಯ ಇಲ್ದಿದ್ರೆ ರೊಟ್ಟಿ ಮುಟ್ತಿರ್ಲಿಲ್ಲ."

ಅವನು ಪರೀಕ್ಷೆಗೆಂದು ಕಾಲುವೆ ನೀರು ತುಂಬಿಕೊಂಡ ಸೀಸೆಗೆ ಬಿರಡೆ ಹಾಕಿದ. "ವಾಂತಿಭೇದೀನಾ?" ಬಸಕ್ಕ ಹೌದೆಂದು ತಲೆಯಾಡಿಸಿದಳು. "ಮ್ಯಾಲೆ ಪ್ಯಾಟೆ ಚರಂಡಿಯೆಲ್ಲ ಹೊಳೆಗೆ ಬೀಳ್ತೈತಮ್ಮ. ಅದೇ ನೀರು ಈ ಕಾಲುವೇಗೆ ಬರೋದು. ಬೇಯಿಸಿದ್ರೆ ಹೋದೀತು, ಇದ್ರಲ್ಲೇ ತೊಳೆದ್ರೆ ಹೋಗೋ ಹೊಲಸಲ್ಲ."

ಈ ವರ್ಷ ಸೊಪ್ಪು ಕಪ್ಪಗೆ, ಹುಲುಸಾಗಿ ಬೆಳೆದಿತ್ತು. ನಮ್ಮ ಕಾಲುವೆ ನೀರೇ ಗೊಬ್ಬರ ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಕಾಯಿಲೆ ಬೀಳುವ ಹಿಂದಿನ ದಿನ ಹೂವಿ ಪಾತಿಯಿಂದ ಕಿತ್ತವಳೇ ಸೊಪ್ಪನ್ನು ಲಂಗಕ್ಕೆ ಒರೆಸಿ ಬಾಯಿಗಿಡಲು ಹೊರಟಿದ್ದಳು. "ಮಣ್ಣು ತಿಂತೀಯೇನೇ?" ಎಂದು ಗದರಿ ಕಸಿದುಕೊಂಡು, ಇದೇ ಕಲ್ಲಿನ ಮೇಲೆ ಕೂತು ಒಂದಲ್ಲ, ಮೂರು ಸಲ ತೊಳೆದು, ನೀರು ತೊಟ್ಟಿಕ್ಕುತ್ತಿದ್ದ ಕಟ್ಟನ್ನು ಮಗಳ ಕೈಗಿತ್ತವಳು ಬಸಕ್ಕನೇ.

"ಸೊಪ್ಪು ತೊಳೆದ್ಯೇನೇ? ಎಡೆಗೆ ಹೊತ್ತಾತು!" ಮನೆಯ ಕಡೆಯಿಂದ ಗಂಡ ಧರ್ಮಪ್ಪ ಕೂಗಿದ.

ಬಸಕ್ಕ ಒದ್ದೆ ಕಟ್ಟನ್ನು ಬಿಚ್ಚಿ ಮಡಿಲಿಗೆ ಸುರಿದುಕೊಂಡು, ಒಂದೊಂದೇ ಎಲೆಯನ್ನು ಸೆರಗಿಗೆ ಒರೆಸತೊಡಗಿದಳು, ಹೂವಿ ಒರೆಸುತ್ತಿದ್ದ ಹಾಗೆ.