ಕಂಟಕ ಹೊತ್ತ ಮೀನು

ಇನ್ನೊಬ್ಬರ ಮನೆಯ ಮಾತು, ಹೇಳುತ್ತಿರುವುದಕ್ಕೆ ಕ್ಷಮಿಸಿ.

ಹೃದಯದ ಆಪರೇಷನ್ನಿಗೆ ಕಾಯುತ್ತಿದ್ದ ಮಗಳ ಆಸೆಗೆಂದು ಪ್ರಫುಲ್ಲ ಮೊದಲ ಸಲ ಮನೆಗೆ ಮೀನಿನ ತೊಟ್ಟಿ ತಂದಳು. ಮೂರು ವಾರ ಬರೀ ನೀರು ಓಡಲಿ, ಆಮೇಲೆ ಮೀನು ಬಿಡಿ ಎಂದಿದ್ದ ಅಂಗಡಿಯವನು. ಅತ್ತೆ ಕೇಳದೆ, ಶುಕ್ರವಾರ ಒಳ್ಳೆಯದೆಂದು ಅಂದೇ ಐದು ಮೀನು ಬಿಡಿಸಿದರು. ಭಾನುವಾರ ಒಂದು ಮೀನು ಹೊಟ್ಟೆ ಉಬ್ಬಿ ತೇಲಿತು. ಅದರ ಲೋಳೆ, ನಾತಕ್ಕೆ ಪ್ರಫುಲ್ಲಳಿಗೆ ವಾಕರಿಕೆ ಬಂತು.

"ಒಳ್ಳೇದೇ ಆಯ್ತು ಬಿಡು. ಮನೆಗೆ ಬರೋ ಕಂಟಕ ಅದರ ಮೇಲೆ ಹೋಯ್ತು," ಎಂದರು ಅತ್ತೆ.

"ನೀರು ಹದವಾಗಿರಲಿಲ್ಲ, ಸತ್ತಿತು. ಅದಕ್ಕೂ ಸಂತೋಷ ಪಡ್ತೀರಲ್ಲ, ಹೇಸಿಗೆ ಅನ್ಸಲ್ವಾ ಅತ್ತೆ?"

"ಓದಿದೋಳು ನೀನು, ನಿಂಗೇನು ಹೇಳಲಿ."

ದಿನಾ ಕಾಲು ಭಾಗ ನೀರು ಬದಲಿಸಿ ಪ್ರಫುಲ್ಲ ಉಳಿದ ನಾಲ್ಕನ್ನು ಬದುಕಿಸಿಕೊಂಡಳು. ಆಪರೇಷನ್ನಿನ ಬೆಳಿಗ್ಗೆ ಅತ್ತೆ ತೊಟ್ಟಿಯ ಮುಂದೆ ನಿಂತು, "ನಾಲ್ಕೂ ಗಟ್ಟಿಯಾಗೇ ಇವೆಯಲ್ಲೇ," ಎಂದು ಮುಖ ಸಣ್ಣದು ಮಾಡಿಕೊಂಡರು.

"ಸಾಕು, ಹೋಗಿ ಸೀರೆ ಉಟ್ಕೊಳ್ಳಿ," ಎಂದು ಪ್ರಫುಲ್ಲ ಗದರಿದಳು.

ಅತ್ತೆ ಒಳಗೆ ಹೋದದ್ದೇ ತಡ, ಅವಳು ತೊಟ್ಟಿಗೆ ಕೈ ಹಾಕಿ ಒಂದನ್ನು ಹಿಡಿದಳು. ಅದರ ಒದ್ದಾಟ ನಿಲ್ಲುವವರೆಗೂ ಮುಷ್ಟಿ ಬಿಚ್ಚಲಿಲ್ಲ. ಮಗು ಹೇಗಿದೆಯೋ, ನನಗಿನ್ನೂ ತಿಳಿದಿಲ್ಲ.