ನಾಲ್ಕು ಗಂಟೆಗೆ ಹೋಗುವ ವೈಫೈ

ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಆ ಮನೆಯ ವೈಫೈ ಕೈಕೊಡುತ್ತಿತ್ತು. ಇಂಚರ ಶಾಲೆಯಿಂದ ಬಂದು, ಟ್ಯಾಬ್ ಹಿಡಿದು ತನ್ನ ಅಮ್ಮನ ಅಮ್ಮನಿಗೆ ವಿಡಿಯೋ ಕಾಲ್ ಮಾಡುವ ಹೊತ್ತದು.

ಅಪ್ಪನ ಅಮ್ಮ ಕಮಲಾಕ್ಷಮ್ಮನಿಗೆ ಒಳಗೊಳಗೇ ಉರಿ. ಜಡೆ ಹೆಣೆಯುವವರು ತಾವು, ತುತ್ತಿಡುವವರು ತಾವು. ಮಗುವಿನ ಮುತ್ತೆಲ್ಲ ಟ್ಯಾಬಿನ ಗಾಜಿಗೆ! ಅಲ್ಲಾಡುವ ಹಲ್ಲನ್ನೂ ಮೊದಲು ತೋರಿಸಿದ್ದು ಆ ಅಜ್ಜಿಗೇ. ಅದಕ್ಕೇ ಕಾಲ್ ಶುರುವಾದ ಕೂಡಲೇ ಧೂಳೊರೆಸುವ ಬಟ್ಟೆ ಹಿಡಿದು ಟಿವಿ ಹಿಂದೆ ಬಗ್ಗುತ್ತಿದ್ದರು, ಮೆಲ್ಲಗೆ ಗೋಡೆಯ ವೈಫೈ ಸ್ವಿಚ್ ಆರಿಸುತ್ತಿದ್ದರು.

“ಮತ್ತೆ ಹೋಯ್ತಾ? ನಿಮ್ಮಮ್ಮನ ಊರಲ್ಲೇ ಸಿಗ್ನಲ್ ಸರಿಯಿಲ್ಲ ಬಿಡಮ್ಮ,” ಎಂದು ಸೊಸೆಗೆ ಸಮಾಧಾನವನ್ನೂ ಹೇಳುತ್ತಿದ್ದರು.

ರಿಪೇರಿಯವನು ಒಮ್ಮೆ ಬಂದು ವೈರ್ ಬದಲಿಸಿದ, ಇನ್ನೊಮ್ಮೆ ಬಂದು ರೂಟರನ್ನೇ ಬದಲಿಸಿದ. ಮೂರನೇ ಸಲ, ಕಮಲಾಕ್ಷಮ್ಮ ಒಳಗೆ ಅವನಿಗೇ ಕಾಫಿ ಬೆರೆಸುತ್ತಿದ್ದಾಗ, ರೂಟರ್ ಪಕ್ಕ ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ಇಟ್ಟ. ಕಾಫಿ ಕುಡಿದು ಹೋದ.

ಮರುದಿನ ನಾಲ್ಕಕ್ಕೆ ಅವರು ಬಟ್ಟೆ ಹಿಡಿದು ಬಗ್ಗಿದರು, ಸ್ವಿಚ್ ಆರಿಸಿದರು. ಬೆನ್ನ ಹಿಂದೆ ನಗು, ಮಾತು ಯಾವುದೂ ನಿಲ್ಲಲಿಲ್ಲ. ಸ್ವಿಚ್ ಹಾಕಿ ಮತ್ತೆ ಆರಿಸಿದರು. ಮತ್ತೊಂದು ಸಲ, ಸ್ವಲ್ಪ ಜೋರಾಗಿಯೇ.

“ಅಜ್ಜೀ, ಅದನ್ನ ಆರ್‌ಸಿದ್ರೂ ನೆಟ್ ಹೋಗಲ್ಲ. ಅಂಕಲ್ ಬ್ಯಾಟರಿ ಇಟ್ಟಿದಾರೆ,” ಎಂದಳು ಇಂಚರ.

ತಿರುಗಿ ನೋಡಿದರೆ ಮಗು ಟ್ಯಾಬನ್ನು ತಮ್ಮ ಕಡೆಗೇ ಹಿಡಿದು ನಿಂತಿತ್ತು. ಅದರೊಳಗಿಂದ ಬೀಗಿತ್ತಿ ಕೈಮುಗಿದರು.

“ಅಯ್ಯೋ ಬೀಗರೇ, ದಿನಾ ಹೀಗೆ ಬಗ್ಗಿದ್ರೆ ನಿಮ್ಮ ಸೊಂಟ ಏನಾಗ್ಬೇಕು?”