ತಂದೆಯ ಕಡೆ, ತಾಯಿಯ ಕಡೆ

ನರ್ಸ್ ಪೂನಮ್‌ಳ ತೋಳಿಗೆ ಮೂರನೆಯ ಸಲ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ನೂರಾ ಐವತ್ತಕ್ಕೆ ನೂರು. ಹುಡುಗಿಗಿನ್ನೂ ಇಪ್ಪತ್ತು. ಒಳಗಿನ ಕೋಣೆಯಲ್ಲಿ ಅವಳಪ್ಪ ವಿರೂಪಾಕ್ಷ ಡಯಾಲಿಸಿಸ್‌ಗೆ ಮಲಗಿದ್ದ. ಮಗಳನ್ನೂ ತೋರಿಸಿ ಎಂದು ಡಾಕ್ಟರೇ ಹೇಳಿದ್ದರು.

"ಹಿರ್ಯಾರೊಳಗ ಯಾರಿಗರ ಕಿಡ್ನಿ ತ್ರಾಸ ಇತ್ತೇನ್ರಿ? ಮೊದಲ ತಂದಿ ಕಡಿ ಹೇಳ್ರಿ," ಎಂದು ನರ್ಸ್ ಫಾರ್ಮ್ ಬಿಡಿಸಿದಳು.

"ಅಕಿ ಮುತ್ಯಾಗ, ಅವರಪ್ಪನ ಅಪ್ಪಗ ಇತ್ರಿ. ಪರಪ್ಪ ಅಂತ. ಅದರಾಗ ತೀರಿಕೊಂಡ್ರು," ಎಂದಳು ತಾಯಿ ಶೈಲಜಾ.

"ತಾಯಿ ಕಡಿ?"

"ನಮ್ಮವ್ವನ ಅಪ್ಪಗ. ಪರಪ್ಪ."

ನರ್ಸ್ ಪೆನ್ನು ಎತ್ತಿದಳು. "ಅಕ್ಕಾರ, ಅದನ್ನ ಬರದೇನ್ರಿ. ತಾಯಿ ಕಡಿ ಕೇಳಾಕತ್ತೇನಿ."

"ಎರಡೂ ಕಡಿ ಅವರ ರೀ."

"ಹೌದ ಮತ್ತ," ಬೆಂಚಿನ ತುದಿಯಿಂದ ವಿರೂಪಾಕ್ಷನ ತಾಯಿ ಇಂದ್ರವ್ವ ಹೆಮ್ಮೆಯಿಂದ ಹೇಳಿದಳು. "ಮಗಳ ಮಗಳನ್ನ ನನ್ನ ಮಗಗ ತಂದೇನಿ. ಹೊರಗಿನವರು ನಮ್ಮ ಹೊಸ್ತಲಾ ದಾಟಿಲ್ಲ. ಆದ್ರ ಈ ಬ್ಯಾನಿ ಬಂದದ್ದು ಇಕಿ ತವರಮನಿಯಿಂದ."

ಶೈಲಜಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ, ಹುಟ್ಟಿನಿಂದ ಅಜ್ಜಿಯಾಗಿದ್ದ ಅತ್ತೆಯನ್ನು ಅವಳು ಆಯಿ ಎಂದೇ ಕರೆಯುತ್ತಿದ್ದಳು. "ನಮ್ಮವ್ವ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ, ಆಯಿ."

"ಹುಟ್ಟಿದ್ದು ಖರೆ. ಅಕಿ ಗಂಡನ ಮನ್ಯಾಗ ಉಪ್ಪು ಭಾಳ." ಇಂದ್ರವ್ವ ನರ್ಸ್ ಕಡೆ ತಿರುಗಿದಳು. "ಲಗೂನ ಮುಗಸ್ರಿ ಬಾಯಾರ. ಪ್ಯಾಟ್ಯಾಗ ಸೀರಿ ತಗೋಬೇಕು. ಸೋಮವಾರ ಈ ಹುಡುಗಿ ನಿಶ್ಚಯ ಐತಿ."

"ಹೌದೇನ್ರಿ? ವರ ಯಾವೂರಾಂವ?"

"ಊರೂರು ಯಾಕ ತಿರಗೂದು? ಶೈಲಜಾನ ತಮ್ಮ ಅಪ್ಪು ಅದಾನಲ್ಲ."

ಅಪ್ಪುವಿಗೆ ಇಪ್ಪತ್ತೆಂಟು. ಎರಡು ವರ್ಷದಿಂದ ಬಿ.ಪಿ. ಗುಳಿಗೆ ನುಂಗುತ್ತಿದ್ದಾನೆ. ರಕ್ತದಲ್ಲಿ ಬರುವ ಕಿಡ್ನಿ ರೋಗವಿದು, ಮೊದಲು ಬಿ.ಪಿ.ಯಾಗಿ ಕಾಣಿಸುತ್ತದೆ, ಇನ್ನು ಒಳಗೊಳಗೇ ಸಂಬಂಧ ಬೇಡ ಎಂದು ಡಾಕ್ಟರು ಹೇಳಿದ್ದನ್ನು ಶೈಲಜಾ ಒಂದು ತಿಂಗಳಿಂದ ಹೇಳುತ್ತಲೇ ಇದ್ದಳು. ಒಲೆಯ ಮುಂದೆ ಹೇಳಿದಳು, ಬಸ್ಸಿನಲ್ಲಿ ಹೇಳಿದಳು. ಪ್ರತಿ ಸಲವೂ ಆಯಿ ಸೀರೆಯ ಅಂಚಿನ ಮಾತು ತೆಗೆದಳು. ಪೂನಮ್ ಪಟ್ಟಿ ಬಿಗಿದ ಜಾಗವನ್ನು ಈಗಲೂ ತಿಕ್ಕಿಕೊಳ್ಳುತ್ತಿದ್ದಳು.

"ಸಿಸ್ಟರ್, ಇನ್ನೊಂದು ಖಾಲಿ ಫಾರ್ಮ್ ಕೊಡ್ರಿ," ಎಂದಳು ಶೈಲಜಾ.

"ಯಾರಿಗ್ರಿ?"

"ಪೂನಮ್‌ನ ಕೂಸಿಗೆ. ಇನ್ನೂ ಹುಟ್ಟಿಲ್ಲ." ಅವಳು ಫಾರ್ಮನ್ನೂ ಪೆನ್ನನ್ನೂ ಇಂದ್ರವ್ವನ ತೊಡೆಯ ಮೇಲಿಟ್ಟಳು. "ಸೀರಿ ಆಮ್ಯಾಲ ತರೂಣು, ಆಯಿ. ಮೊದಲ ಇದನ್ನ ತುಂಬು. ಇಲ್ಲಿ ತಾಯಿ ಕಡಿ, ಇಲ್ಲಿ ತಂದಿ ಕಡಿ."

"ನನಗೇನ ಬರಿಯಾಕ ಬರೂದಿಲ್ಲ ಅಂತ ತಿಳದೀಯೇನ?" ಇಂದ್ರವ್ವ ಕನ್ನಡಕ ಏರಿಸಿಕೊಂಡಳು. ತಾಯಿಯ ಕಡೆ ದಪ್ಪ ಅಕ್ಷರಗಳಲ್ಲಿ, ಒತ್ತಿ ಒತ್ತಿ, ಗಂಡನ ಹೆಸರು ಬರೆದಳು: ಪರಪ್ಪ. ಕೈ ತಂದೆಯ ಕಡೆ ಸರಿಯಿತು.

'ಪ' ಎಂದು ಬರೆದು ಪೆನ್ನು ನಿಂತಿತು.